ಕಿರಿಕಿರಿಗೆ ಅರವತ್ತಮೂರು ಚೀಟಿ

ಜೂನ್ 9

ನನ್ನ ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಅಕ್ಕ ಇದ್ದಾಳೋ ಹೋದಳೋ ಎಂದು ಬೈದುಕೊಂಡಿರುತ್ತೀಯ. ಬೈದುಕೋ, ತಪ್ಪು ನನ್ನದೇ. ನಿನ್ನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಒದ್ದೆ ಬಟ್ಟೆಯ ಬಕೆಟ್ ಹೊತ್ತು ಮಹಡಿಗೆ ಹೋಗುತ್ತೀಯಂತೆ, ನಿನ್ನ ಮಗಳೇ ಚಾಡಿ ಹೇಳಿದಳು. ಫೋನ್ ಮಾಡಬಾರದಿತ್ತೇ ಎಂದು ಕೇಳಬೇಡ. ಮೂರು ಕೋಣೆಯ ಮನೆ, ಫೋನ್ ಹಿಡಿದರೆ ನಿನ್ನ ಭಾವ ಎದುರಿಗೇ ಕೂತಿರುತ್ತಾರೆ. ಅವರ ದೂರನ್ನು ಅವರ ಮುಂದೆಯೇ ಹೇಳುವುದು ಹೇಗೆ? ಕಾಗದವೇ ವಾಸಿ.

ಪದಕೋಶದ ಕಚೇರಿಯಲ್ಲಿ ನನಗೆ ಹೊಸ ಕೆಲಸ ಬಂದಿದೆ. ಇಷ್ಟು ವರ್ಷ ಇಂಗ್ಲಿಷ್ ಪದಗಳಿಗೆ ಅಕ್ಷರದ ಸಾಲಿನಲ್ಲಿ ಅರ್ಥ ಬರೆದದ್ದಾಯಿತು. ಈಗ ವಿಷಯದ ಪ್ರಕಾರ ಒಂದು ಪುಸ್ತಕವಂತೆ. ಒಬ್ಬರಿಗೆ ಅಡುಗೆಮನೆ, ಒಬ್ಬರಿಗೆ ಕಾಯಿಲೆಗಳು. ನನ್ನ ಎದುರು ಮೇಜಿನವನು, ದಿನವಿಡೀ ಮೂಗು ಸೊರ್ ಎನ್ನಿಸುವುದರಿಂದ ಅವನನ್ನು ಮೂಗಣ್ಣ ಎನ್ನುತ್ತೇವೆ, ಅವನು ಹಕ್ಕಿಗಳನ್ನು ಹೊಡೆದುಕೊಂಡ. ನನ್ನ ಪಾಲಿಗೆ ಬಂದದ್ದು ‘ಸಿಟ್ಟು ಮತ್ತು ಕಿರಿಕಿರಿ ತರಿಸುವ ಸಂಗತಿಗಳು’. ಹಂಚುವಾಗ ನಮ್ಮ ಸಂಪಾದಕರು, ನಾವೆಲ್ಲ ಅವರನ್ನು ದೊಡ್ಡವರು ಎಂದೇ ಕರೆಯುವುದು, ನನ್ನ ಕಡೆ ನೋಡಿ ನಕ್ಕರು. “ಇದಕ್ಕೆ ನೀವೇ ಸರಿ ಕಣಮ್ಮ” ಎಂದರು. ನಾನು ನಗಲಿಲ್ಲ. ಅದನ್ನು ನೋಡಿ ಅವರಿಗೆ ಇನ್ನೂ ನಗು.

ಕೆಲಸದ ಕ್ರಮ ಹೀಗೆ. ಒಂದು ಪದಕ್ಕೆ ಒಂದು ಚೀಟಿ. ಮೇಲೆ ಇಂಗ್ಲಿಷ್ ಪದ, ಕೆಳಗೆ ಅರ್ಥ, ಅದರ ಕೆಳಗೆ ಒಂದು ಉದಾಹರಣೆ ವಾಕ್ಯ. ಆ ವಾಕ್ಯ ಮನೆಯಲ್ಲೋ ಬೀದಿಯಲ್ಲೋ ಕಿವಿಯಾರೆ ಕೇಳಿದ್ದಾಗಿರಬೇಕು. ಕುರ್ಚಿಯಲ್ಲಿ ಕೂತು ಹೊಸೆದದ್ದು ನಡೆಯುವುದಿಲ್ಲ. ಬರೆದವರ ಹೆಸರು ಇರಕೂಡದು, ನಂಬರ್ ಮಾತ್ರ. ನಾನು ಏಳು. ಶನಿವಾರ ಈ ಚೀಟಿಗಳ ಕಟ್ಟು ಹೊರಗಿನ ಒಬ್ಬ ಓದುಗರಿಗೆ ಹೋಗುತ್ತದೆ. ಅವರು ತಿದ್ದಿ ದೊಡ್ಡವರ ಕೈಗೆ ಕೊಡುತ್ತಾರೆ. ಅವರು ಯಾರೆಂದು ನಮಗೆ ಹೇಳುವುದಿಲ್ಲ, ನಾವು ಯಾರೆಂದು ಅವರಿಗೆ ಹೇಳುವುದಿಲ್ಲ. ಹಿಂದೊಮ್ಮೆ ಒಂದು ಪದದ ಸಲುವಾಗಿ ಬರೆದವರೂ ತಿದ್ದಿದವರೂ ಕಚೇರಿಯ ಮೆಟ್ಟಿಲ ಮೇಲೆ ಕೈಕೈ ಮಿಲಾಯಿಸಿದ್ದರಂತೆ. ಅಂದಿನಿಂದ ಈ ಗುಟ್ಟು.

ಇಂಗ್ಲಿಷಿನವರಿಗೆ ಕಿರಿಕಿರಿಗೆ ಎಷ್ಟು ಹೆಸರಿವೆ ಗೊತ್ತೇ? ಎಣಿಸಿದೆ, ಅರವತ್ತಮೂರು. ನಾವು ‘ತಲೆ ತಿನ್ನಬೇಡ’ ಎಂದು ಒಂದೇ ಏಟಿಗೆ ಮುಗಿಸುವುದನ್ನು ಅವರು ತೂಕ ಹಾಕಿ ಬೇರೆ ಬೇರೆ ಡಬ್ಬಿಗೆ ತುಂಬಿಟ್ಟಿದ್ದಾರೆ. ಚಪ್ಪಲಿಯೊಳಗೆ ಸೇರಿದ ಮರಳಿನ ಹಾಗೆ ಬಿಡದೆ ಒತ್ತುವುದು ಇರಿಟಂಟ್. ಅಕ್ಕಪಕ್ಕದವರಿಗೂ ಕಾಟವಾದರೆ ನ್ಯೂಸೆನ್ಸ್. ಬೇಕೆಂದೇ ಕೆಣಕಿದರೆ ಪ್ರಾವೊಕೇಷನ್. ಸೂಜಿಮೊನೆಯಷ್ಟೇ ಚುಚ್ಚಿದರೆ ಪಿನ್‌ಪ್ರಿಕ್. ನನಗೆ ಹಿಡಿಸಿದ್ದು ಪೆಟ್ ಪೀವ್. ಬೇರೆ ಯಾರಿಗೂ ಏನೂ ಅನ್ನಿಸದ, ನಾವೇ ಮುದ್ದಿನಿಂದ ಸಾಕಿಕೊಂಡು ಬಂದ ಕಿರಿಕಿರಿ. ಇಂಥದ್ದೊಂದು ಪದವಿಲ್ಲದೆ ನಾವು ಇಷ್ಟು ಕಾಲ ಸಂಸಾರ ಹೇಗೆ ಮಾಡಿದೆವೋ.

ಇನ್ನು ಉದಾಹರಣೆಗೆ ನಾನು ಬೀದಿಗೆ ಹೋಗಬೇಕಾಗಿಲ್ಲ. ನಿನ್ನ ಭಾವ ಪ್ರೆಸ್ಸಿನಿಂದ ನಿವೃತ್ತರಾಗಿ ಎರಡು ವರ್ಷವಾಯಿತಲ್ಲ. ಮೂವತ್ತನಾಲ್ಕು ವರ್ಷ ಪ್ರೂಫ್ ತಿದ್ದಿದ ಮನುಷ್ಯ, ಆ ನೀಲಿ ಪೆನ್ಸಿಲ್ ಇನ್ನೂ ಕಿವಿಯ ಹಿಂದೆಯೇ ಇದೆ. ಮದುವೆಗೆ ಮುಂಚೆ ನಾನು ಬರೆದ ಮೊದಲ ಕಾಗದವನ್ನು ತಿದ್ದಿ ವಾಪಸ್ ಕಳಿಸಿದ್ದರು, ನೆನಪಿದೆಯೇ? ನೀನು ನಕ್ಕು ನಕ್ಕು ಮಂಚದಿಂದ ಬಿದ್ದಿದ್ದೆ. ಒಂದೊಂದು ತಪ್ಪಿನ ಪಕ್ಕದಲ್ಲೂ ಬಾಲ ಸುತ್ತಿಕೊಂಡ ಟಿಕ್, ಕೆಳಗೆ ಪುಟ್ಟದಾಗಿ ತಾರೀಕು. ಟಿಕ್ ಬಿತ್ತೆಂದರೆ ಆ ತಪ್ಪು ಸರಿಹೋಯಿತು, ಇನ್ನು ಅದರ ಮಾತಿಲ್ಲ ಎಂದು ಅರ್ಥ. ಈಗಲೂ ದಿನಸಿ ಪಟ್ಟಿಗೆ ಅದೇ ಟಿಕ್.

ಬೆಳಿಗ್ಗೆ ಎದ್ದರೆ ಕಾಫಿ ಲೋಟದಲ್ಲಿ ಚಮಚ. ಸಕ್ಕರೆ ಬಿಟ್ಟು ಐದು ವರ್ಷವಾಯಿತು, ಕಲಕುವುದನ್ನು ಬಿಟ್ಟಿಲ್ಲ. ಟಿಣ್ ಟಿಣ್ ಎಂದು ಕಲಕಿ, ಕೊನೆಗೆ ಲೋಟದ ಅಂಚಿಗೆ ಮೂರು ಸಲ ತಟ್ಟುತ್ತಾರೆ. ಆಮೇಲೆ ಚಪ್ಪಲಿ ಎಳೆಯುತ್ತ ಬಾಲ್ಕನಿಗೆ. ಆಮೇಲೆ ಪೇಪರಿನ ಅಚ್ಚಿನ ತಪ್ಪುಗಳನ್ನು ಗಟ್ಟಿಯಾಗಿ ಓದಿ ಹೇಳುವುದು. ನಾನು ಒಲೆಯ ಮುಂದೆ ಬೆವರುತ್ತಿದ್ದರೂ ಸರಿ, “ಕೇಳಿಸ್ತೇನೇ, ಮೂರನೇ ಪುಟದಲ್ಲಿ ಸತ್ತವನು ಐದನೇ ಪುಟದಲ್ಲಿ ಭಾಷಣ ಮಾಡಿದಾನೆ” ಎಂದು ಶುರು. ಹತ್ತು ಗಂಟೆಗೆ ಬಟ್ಟೆ ಚೀಲ ಹಿಡಿದು ಲೈಬ್ರರಿಗೆ ಹೊರಟರೆ ಮನೆಗೆ ಶಾಂತಿ. ಅಲ್ಲಿ ಇಡೀ ದಿನ ಏನು ಮಾಡುತ್ತೀರಿ ಎಂದರೆ, “ಓದ್ತೀನಿ” ಎನ್ನುತ್ತಾರೆ.

ಹಾಗಾಗಿ ಇರಿಟಂಟ್ ಚೀಟಿಗೆ ಚಮಚವನ್ನು ಹಾಕಿದೆ. ‘ಸಕ್ಕರೆಯೇ ಇಲ್ಲದ ಕಾಫಿಯನ್ನು ಆತ ಕಲಕುವ ಸದ್ದು ಅವಳ ಜೀವ ತಿನ್ನುತ್ತಿತ್ತು.’ ಚೆನ್ನಾಗಿದೆಯಲ್ಲ? ನಿನಗೆ ಮಾತ್ರ ಹೇಳಿದ್ದೇನೆ, ನಿನ್ನ ಗಂಡನಿಗೆ ಓದಿ ಹೇಳಬೇಡ.

ಮಂಡಿಗೆ ಎಣ್ಣೆ ಹಚ್ಚಿಕೋ. ನಿನಗೂ ಮಗಳಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ

ಜುಲೈ 6

ಪ್ರೀತಿಯ ತಂಗಿ,

ಈ ಸಲ ಬೇಗ ಬರೆಯುತ್ತಿದ್ದೇನೆ, ಆಶ್ಚರ್ಯಪಡಬೇಡ. ಒಂದು ವಿಚಿತ್ರ ನಡೆದಿದೆ.

ಮೊದಲ ಕಟ್ಟು ಓದುಗರಿಗೆ ಹೋದದ್ದು ಶನಿವಾರ. ಮಂಗಳವಾರ ಬೆಳಿಗ್ಗೆ ಕಾಫಿ ಕೊಟ್ಟೆ, ನಿನ್ನ ಭಾವ ಕುಡಿದರು, ಲೋಟ ತೊಳೆದಿಟ್ಟರು. ಏನೋ ಕಡಿಮೆಯಾಗಿದೆ ಅನ್ನಿಸಿತು. ಗ್ಯಾಸ್ ಮುಗಿದಿದೆಯೇ, ನಲ್ಲಿ ನಿಂತಿದೆಯೇ ಎಂದು ನೋಡಿದೆ. ಸ್ನಾನ ಮಾಡುವಾಗ ಹೊಳೆಯಿತು, ಚಮಚದ ಸದ್ದಿಲ್ಲ. ಬುಧವಾರವೂ ಇಲ್ಲ. ಮದುವೆಯಾದಾಗಿನಿಂದ ಕೇಳಿದ ಇಪ್ಪತ್ತೆಂಟು ವರ್ಷದ ಸದ್ದು ಒಂದು ಬೆಳಿಗ್ಗೆಗೆ ನಿಂತುಹೋಯಿತು.

ಎರಡನೇ ಕಟ್ಟಿನಲ್ಲಿ ನ್ಯೂಸೆನ್ಸ್ ಇತ್ತು. ಅದಕ್ಕೆ ಚಪ್ಪಲಿಯನ್ನು ಹಾಕಿದ್ದೆ; ಕೆಳಗಿನ ಮನೆಯ ಟೈಲರಮ್ಮನ ತಲೆಯ ಮೇಲೂ ಅದೇ ಸರಬರ ಆದ್ದರಿಂದ ನ್ಯೂಸೆನ್ಸ್ ಎನ್ನಲು ಅಡ್ಡಿಯಿಲ್ಲ. ಮುಂದಿನ ವಾರ ಚಪ್ಪಲಿ ಗೋಡೆಯ ಬದಿಗೆ ಜೋಡಿಯಾಗಿ ನಿಂತವು. ಬರಿಗಾಲಲ್ಲಿ ಓಡಾಡುತ್ತಾರೆ. ಮೂರನೇ ಕಟ್ಟಿನಲ್ಲಿ ಪೆಟ್ ಪೀವ್. ಪೇಪರಿನ ತಪ್ಪುಗಳು. ಈಗ ಪೇಪರ್ ಓದುತ್ತಾರೆ, ತುಟಿ ಅಲ್ಲಾಡುತ್ತದೆ, ಮಾತು ಹೊರಡುವುದಿಲ್ಲ. ನಿನ್ನೆ ಒಂದು ಕಡೆ ಅವರಿಗೆ ನಗು ಬಂತು, ಕೈ ಅಡ್ಡ ಇಟ್ಟುಕೊಂಡರು. ಏನಿತ್ತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

“ಮೈಗೆ ಹುಷಾರಿಲ್ವಾ?” ಎಂದು ಕೇಳಿದೆ.

“ಚೆನ್ನಾಗೇ ಇದೀನಲ್ಲ” ಎಂದರು.

ಪರೀಕ್ಷೆಯನ್ನೂ ಮಾಡಿದೆ, ನಗಬೇಡ. ಮೂಗಣ್ಣನ ಮೂಗನ್ನು ಒಂದು ಚೀಟಿಗೆ ಹಾಕಿದೆ, ಪಕ್ಕದ ಕಟ್ಟಡದ ನೀರಿನ ಪಂಪನ್ನು ಇನ್ನೊಂದಕ್ಕೆ. ಮೂಗು ಸೊರ್ ಎನ್ನುತ್ತಲೇ ಇದೆ, ಪಂಪು ಬಡಿದುಕೊಳ್ಳುತ್ತಲೇ ಇದೆ. ನನ್ನ ಬರಹಕ್ಕೆ ಏನಾದರೂ ಶಕ್ತಿ ಬಂದಿದ್ದರೆ ಅದು ನಮ್ಮ ಬಾಗಿಲಿನ ಒಳಗೆ ಮಾತ್ರ.

ಮೊನ್ನೆ ಅಂಟಿನ ಬಾಟಲಿ ಕೇಳಲು ದೊಡ್ಡವರ ಕೋಣೆಗೆ ಹೋಗಿದ್ದೆ. ತಿದ್ದಿ ಬಂದ ಕಟ್ಟುಗಳು ಮೇಜಿನ ಮೇಲೆ ಬಿಚ್ಚಿಕೊಂಡಿದ್ದವು. ನನ್ನನ್ನು ಕಂಡವರೇ ಅವುಗಳ ಮೇಲೆ ಪೇಪರ್ ಎಳೆದರು. “ನಿಮ್ಮ ಚೀಟಿಗಳಲ್ಲಿ ತಪ್ಪೇ ಇರಲ್ವಂತೆ ಕಣಮ್ಮ. ಓದಿದ್ರೆ ನಿಜವಾಗ್ಲೂ ನಡೆದಿದ್ದೇ ಅನ್ಸತ್ತೆ ಅಂತ ಓದುಗರು ಹೇಳಿದ್ರು” ಎಂದರು. ಅಂಟು ತೆಗೆದುಕೊಂಡು ಬಂದೆ.

ಯಾಕೆ ಹೀಗಾಗುತ್ತಿದೆ ಎಂದು ನನಗೆ ಬಗೆಹರಿಯುತ್ತಿಲ್ಲ. ಆದರೆ ನಿನ್ನ ಹತ್ತಿರ ಮುಚ್ಚುಮರೆ ಏನು, ಹಾಯಾಗಿದೆ. ಬೆಳಿಗ್ಗೆ ತಲೆ ತಣ್ಣಗಿರುತ್ತದೆ. ಇನ್ನೂ ಐವತ್ತು ಪದಗಳಿವೆ, ಮನೆಯಲ್ಲಿ ಸದ್ದುಗಳಿಗೇನೂ ಬರವಿಲ್ಲ.

ಆಶೀರ್ವಾದಗಳು.

ನಿನ್ನ ಅಕ್ಕ

ಆಗಸ್ಟ್ 17

ತಂಗಿ,

‘ಅಕ್ಕ, ಆ ಪೆನ್ನನ್ನು ನನಗೂ ಕಳಿಸು, ನನ್ನ ಯಜಮಾನರ ಗೊರಕೆಯ ಮೇಲೆ ಒಂದು ಚೀಟಿ ಬರೆಯುತ್ತೇನೆ’ ಎಂದು ಬರೆದಿದ್ದೆಯಲ್ಲ, ಆ ಕಾಗದ ಬಂದಾಗ ಬಿದ್ದು ಬಿದ್ದು ನಕ್ಕಿದ್ದೆ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ಹಿಂದೆ ಬರುತ್ತಿತ್ತು. ತಡವಾದದ್ದಕ್ಕೆ ಕ್ಷಮಿಸು.

ಗೊರಕೆಯ ಚೀಟಿಯನ್ನು ನಾನೂ ಬರೆದೆ, ಡಿಸ್ಟರ್ಬೆನ್ಸ್ ಎಂಬ ಪದಕ್ಕೆ. ನಾಲ್ಕನೇ ದಿನ ನಿನ್ನ ಭಾವ ದಿಂಬು ಎತ್ತಿಕೊಂಡು ಹೊರಕೋಣೆಯ ದಿವಾನಕ್ಕೆ ಹೋದರು. ಗಡ್ಡ ಹೆರೆಯುವಾಗಿನ ಗುನುಗು ನಿಂತಿತು. ಗಂಟಲು ಸರಿಮಾಡಿಕೊಳ್ಳುವುದು ನಿಂತಿತು. ಬೀರುವಿನ ಕೀಲಿಗೆ ಎಣ್ಣೆ ಬಿತ್ತು, ಬಾಗಿಲಿನ ಚಿಲಕಕ್ಕೆ ಬಟ್ಟೆ ಸುತ್ತಿದರು. ಮಲಗಿದ ಮಗುವನ್ನು ಎತ್ತುವ ಹಾಗೆ ಪೇಪರಿನ ಪುಟ ತಿರುಗಿಸುತ್ತಾರೆ. ಬಚ್ಚಲಿನ ಗೂಡಿನಲ್ಲಿ ನನ್ನ ಬ್ರಷ್ ಪಕ್ಕದಲ್ಲಿರುತ್ತಿದ್ದ ಅವರ ಬ್ರಷ್ ಈಗ ಇಲ್ಲ. ಹುಡುಕಿದರೆ ಅವರ ಬಟ್ಟೆ ಚೀಲದಲ್ಲಿತ್ತು. ಒದ್ದೆ ಟವೆಲ್ಲೂ ಎಲ್ಲೋ ಮಾಯ. ಮನೆಯೊಳಗೆ ಅವರದೆಂದು ಕಣ್ಣಿಗೆ ಬೀಳುವ ವಸ್ತು ಎಂದರೆ ಬಾಗಿಲ ಬಳಿಯ ಚಪ್ಪಲಿ, ಅದೂ ಮುಖ ಹೊರಗೆ ಮಾಡಿ ಇಟ್ಟದ್ದು.

ಒಂದು ಸಂಜೆಯ ಸಂಗತಿ ಕೇಳು. ಕಚೇರಿಯಿಂದ ಬಂದೆ. ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಸೋಫಾದಲ್ಲಿ ಕಾಲು ಚಾಚಿದೆ. ಅರ್ಧ ಗಂಟೆ ನನ್ನಷ್ಟಕ್ಕೆ ಮಾತಾಡಿಕೊಂಡೆ, ದೊಡ್ಡವರನ್ನು ಬೈದೆ, ಒಂದು ಹಾಡಿನ ಎರಡು ಸಾಲು ಹಾಡಿದೆ. ಕತ್ತಲಾಗುತ್ತ ಬಂತೆಂದು ಎದ್ದು ಲೈಟ್ ಹಾಕಿದರೆ, ಮೂಲೆಯ ಕುರ್ಚಿಯಲ್ಲಿ ಮಂಡಿಯ ಮೇಲೆ ಕೈಯಿಟ್ಟುಕೊಂಡು ಅವರು ಕೂತಿದ್ದಾರೆ.

“ಯಾವಾಗ ಬಂದ್ರಿ?”

“ನಾನು ಹೋಗೇ ಇರ್ಲಿಲ್ವಲ್ಲ.”

“ಲೈಟ್ ಹಾಕ್ಕೋಬಾರದಾ?”

“ಸಂಜೆ ಹೊತ್ತು ಲೈಟು ಕಣ್ಣಿಗೆ ಚುಚ್ಚತ್ತಲ್ಲ ನಿಂಗೆ.”

ಹಾಗೆಂದು ನಾನು ಯಾವತ್ತೂ ಬಾಯಿಬಿಟ್ಟು ಹೇಳಿಲ್ಲ ತಂಗಿ. ಬರೆದದ್ದು ಮಾತ್ರ ನೆನಪಿದೆ. ಪಿನ್‌ಪ್ರಿಕ್ ಚೀಟಿ, ಎರಡು ವಾರದ ಹಿಂದಿನದು. ಅವರ ಮುಖವನ್ನೇ ನೋಡಿದೆ. ಕೋಪವಿರಲಿಲ್ಲ, ಬೇಸರವೂ ಇರಲಿಲ್ಲ. ಪ್ರೆಸ್ಸಿನಿಂದ ಮನೆಗೆ ಬಂದಾಗ ಇರುತ್ತಿತ್ತಲ್ಲ, ಇವತ್ತಿನ ಪುಟಗಳೆಲ್ಲ ಮುಗಿದವು ಎಂಬಂಥ ಮುಖ, ಅದು.

ಮಾರನೆಯ ದಿನ ಮೆಟ್ಟಿಲ ಮೇಲೆ ಟೈಲರಮ್ಮ ಸಿಕ್ಕಳು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳಿದಳು. “ಅಕ್ಕಾ, ನಿಮ್ಮೋರು ಎಲ್ಲಾದ್ರೂ ಹೋಗಿದಾರಾ? ಮೇಲೆ ಒಬ್ರೇ ಓಡಾಡೋ ಸದ್ದು ಕೇಳತ್ತೆ, ಅದಕ್ಕೇ ಕೇಳ್ದೆ.”

“ಇಲ್ಲ, ಮನೇಲೇ ಇದಾರೆ” ಎಂದೆ. ಅವಳು ನನ್ನನ್ನು ಒಂದು ಥರಾ ನೋಡಿದಳು.

ಈ ನಿಶ್ಶಬ್ದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೋ ನನ್ನ ಅರವತ್ತಮೂರರಲ್ಲಿ ಸಿಗಲಿಲ್ಲ. ಸದ್ದಿದ್ದಾಗ ಸಿಟ್ಟು ಬರುತ್ತಿತ್ತು, ಹೋಗುತ್ತಿತ್ತು. ಇದು ಹೋಗುವುದಿಲ್ಲ. ನಾನೇ ಬೇಕೆಂದು ಪಾತ್ರೆ ಕುಕ್ಕುತ್ತೇನೆ. ತಿರುಗಿ ನೋಡುತ್ತೇನೆ, ಬಾಗಿಲಲ್ಲಿ ನಿಂತಿದ್ದಾರೋ ಏನೋ ಎಂದು. ಒಮ್ಮೊಮ್ಮೆ ನಿಂತಿರುತ್ತಾರೆ.

ಹೋದ ಭಾನುವಾರ ಹಾಗೇ ಆಯಿತು. ಊಟದ ಮೇಜಿನ ಮೇಲೆ ಚೀಟಿಗಳನ್ನು ಹರಡಿಕೊಂಡು ಬರೆಯುತ್ತಿದ್ದೆ. ಇನ್ನು ಉಳಿದಿದ್ದದ್ದು ಕೆಲವೇ ಪದ, ದೊಡ್ಡವರು ಆತುರ ಮಾಡುತ್ತಿದ್ದರು. ಕುತ್ತಿಗೆಯ ಹಿಂದೆ ಯಾರೋ ಇದ್ದಂತಾಗಿ ತಿರುಗಿದೆ. ಒಂದು ಗೇಣು ದೂರದಲ್ಲಿ ಅವರ ಮುಖ. ಕಿಟಾರನೆ ಕಿರುಚಿದೆ, ಕೈ ತಗುಲಿ ಇಂಕಿನ ಬಾಟಲಿ ಉರುಳಿತು, ಒಂದು ವಾರದ ಬರಹ ಕಪ್ಪಾಯಿತು.

“ಕಳ್ಳನ ಹಾಗೆ ಬಂದು ನಿಲ್ತೀರಲ್ರೀ, ಒಂದು ಸದ್ದಾದ್ರೂ ಮಾಡಬಾರದಾ?” ಎಂದು ಕೂಗಾಡಿದೆ.

“ಸದ್ದು ಮಾಡಬಾರದು ಅಂತಾನೇ...” ಎಂದರು. ಅಷ್ಟಕ್ಕೇ ನಿಲ್ಲಿಸಿ ಬಟ್ಟೆ ತಂದು ಮೇಜು ಒರೆಸಿದರು. ಇಂಕು ಅವರ ಉಗುರಿನ ಸಂದಿಗೆಲ್ಲ ಹೋಯಿತು. ಕಾಫಿ ಬೇಕಾ ಎಂದರು, ಬೇಡ ಎಂದೆ. ಚೀಲ ತೆಗೆದುಕೊಂಡು ಹೊರಗೆ ಹೋದರು. ಬಾಗಿಲು ಹಾಕಿದ್ದೂ ಕೇಳಿಸಲಿಲ್ಲ.

ನನಗೆ ಪಿತ್ತ ನೆತ್ತಿಗೇರಿತ್ತು. ಮುಂದಿನ ಪದ ಪೆಸ್ಟ್. ಬೆಳೆ ತಿನ್ನುವ ಹುಳುವಿಗೂ ಅದೇ, ಜೀವ ತಿನ್ನುವ ಮನುಷ್ಯನಿಗೂ ಅದೇ. ಪೀಡೆ ಎಂದು ಅರ್ಥ ಬರೆದೆ. ಉದಾಹರಣೆಯನ್ನೂ ಬರೆದೆ. ಏನು ಬರೆದೆ ಎಂದು ಕೇಳಬೇಡ. ಯಾರ ಹೆಸರನ್ನೂ ಹಾಕಿಲ್ಲವಲ್ಲ.

ಅಲ್ಲಿ ಎಲ್ಲರೂ ಚೆನ್ನಾಗಿರಿ.

ನಿನ್ನ ಅಕ್ಕ

ಸೆಪ್ಟೆಂಬರ್ 7

ನನ್ನ ತಂಗಿ,

ಫೋನಿನಲ್ಲಿ ನಾನು ಬರೀ ಅತ್ತೆ, ನಿನಗೆ ಏನೂ ಸರಿಯಾಗಿ ತಿಳಿಯಲಿಲ್ಲ ಎಂದು ಗೊತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಭಾವ ಮನೆಯಲ್ಲಿಲ್ಲ. ಎರಡು ವಾರದ ಮೇಲಾಯಿತು.

ಯಾವ ದಿನ ಹೋದರು ಎಂದು ಪೊಲೀಸ್ ಠಾಣೆಯಲ್ಲಿ ಕೇಳಿದರು. ಬುಧವಾರವೋ ಗುರುವಾರವೋ ಎಂದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ಎತ್ತಿ, “ಒಂದೇ ಮನೇಲಿದ್ದು ಗೊತ್ತಿಲ್ವಾ ಅಮ್ಮ?” ಎಂದ. ಏನು ಹೇಳಲಿ? ಅವರು ಇದ್ದಾಗಲೂ ಮನೆ ಹಾಗೇ ಇತ್ತು, ಹೋದ ಮೇಲೂ ಹಾಗೇ ಇತ್ತು. ಗುರುವಾರ ಸಂಜೆ ಮೂಲೆಯ ಕುರ್ಚಿಯ ಕಡೆ ತಿರುಗಿ, ಕರೆಂಟ್ ಬಿಲ್ ಬಂದಿದೆಯಂತೆ ನೋಡಿ ಎಂದು ಹೇಳಿ ಒಳಗೆ ಹೋಗಿದ್ದೆ. ಶುಕ್ರವಾರ ಬೆಳಿಗ್ಗೆ ಕಾಫಿ ಕೊಡಲು ಬಂದರೆ ದಿವಾನದ ಹೊದಿಕೆ ಮಡಿಸಿದ ಹಾಗೇ ಇತ್ತು. ಕುರ್ಚಿಯ ಮೇಲೆ ಧೂಳು ಕೂತಿತ್ತು. ಹಾಗಾದರೆ ಹಿಂದಿನ ಸಂಜೆ ನಾನು ಮಾತಾಡಿದ್ದು ಯಾರ ಜೊತೆ?

ಬಟ್ಟೆ ಚೀಲವಿಲ್ಲ, ಛತ್ರಿಯಿಲ್ಲ, ಎರಡು ಅಂಗಿಗಳಿಲ್ಲ. ಹೊರಗೆ ಹೋಗುವ ಶೂ ಇಲ್ಲ. ಮನೆಯ ಚಪ್ಪಲಿ ಬಾಗಿಲ ಬಳಿಯೇ ಇದೆ. ಚೀಟಿ ಗೀಟಿ ಏನೂ ಬರೆದಿಟ್ಟಿಲ್ಲ. ಹಳೆಯ ಪ್ರೆಸ್ಸಿಗೆ ಹೋದೆ, ಅವರಣ್ಣನ ಮನೆಗೆ ಹೋದೆ, ಎರಡು ಆಸ್ಪತ್ರೆಗಳಿಗೆ ಹೋದೆ. ಲೈಬ್ರರಿಯಲ್ಲಿ ಅವರು ಕೂರುತ್ತಿದ್ದ ಜಾಗ ತೋರಿಸಿದರು, ಕಿಟಕಿಯ ಪಕ್ಕದ ಮೇಜು. ಅದರ ಸಂದಿಯಲ್ಲಿ ನೀಲಿ ಪೆನ್ಸಿಲಿನ ಹೆರೆದ ಸಿಪ್ಪೆ. “ತುಂಬಾ ಒಳ್ಳೆಯವರು. ಇರೋದೇ ಗೊತ್ತಾಗ್ತಿರ್ಲಿಲ್ಲ” ಎಂದಳು ಅಲ್ಲಿನ ಹೆಂಗಸು. ಹೊಗಳಿಕೆಯೆಂದೇ ಹೇಳಿದಳು ಪಾಪ.

ಮಂಗಳವಾರ ದೊಡ್ಡವರು ಕೋಣೆಗೆ ಕರೆದರು. ಬಾಗಿಲು ಹಾಕಿ, ಕೊನೆಯ ಕಟ್ಟನ್ನು ನನ್ನ ಮುಂದೆ ಇಟ್ಟರು.

“ಹೇಳಬಾರದು ಅಂತ ಮಾತು ಕೊಟ್ಟಿದ್ದೆ. ಈಗ ಹೇಳ್ದೆ ಇರೋದು ತಪ್ಪಾಗತ್ತೆ. ನಿಮ್ಮ ಯಜಮಾನ್ರೇ ಹೊರಗಿನ ಓದುಗರು ಕಣಮ್ಮ. ಹೋದ ವರ್ಷ ಬಂದು, ಕೈ ಸುಮ್ಮನಿರಲ್ಲ, ಏನಾದ್ರೂ ಕೊಡಿ, ಮನೇಲಿ ಹೇಳ್ಬೇಡಿ ಅಂದ್ರು. ಏಳನೇ ನಂಬರಿಂದು ಬೇರೆಯವರಿಗೆ ಕೊಡ್ತೀನಿ ಅಂದೆ. ಬೇಡ, ಅಕ್ಷರ ನಂಗೆ ಅಭ್ಯಾಸ ಇದೆ ಅಂದ್ರು. ಮನೆ ಮಾತು ಅಂತ ನಂಗೆ ಎಲ್ಲಿ ಗೊತ್ತು? ನೀವು ಏನೋ ಕತೆ ಕಟ್ಟಿ ಬರೀತಿದೀರ ಅಂದ್ಕೊಂಡೆ.”

ಕಟ್ಟು ಬಿಚ್ಚಿದೆ. ಒಂದೊಂದು ಚೀಟಿಯ ಪಕ್ಕದಲ್ಲೂ ಬಾಲ ಸುತ್ತಿಕೊಂಡ ಟಿಕ್, ಕೆಳಗೆ ಪುಟ್ಟದಾಗಿ ತಾರೀಕು. ಹಳೆಯ ಕಟ್ಟುಗಳನ್ನೂ ತರಿಸಿ ನೋಡಿದೆ. ಚಮಚಕ್ಕೆ ಟಿಕ್ ಬಿದ್ದದ್ದು ಸೋಮವಾರ, ಸದ್ದು ನಿಂತದ್ದು ಮಂಗಳವಾರ. ಚಪ್ಪಲಿಗೆ ಟಿಕ್, ಮಾರನೆಯ ದಿನ ಬರಿಗಾಲು. ಅಷ್ಟೇ ತಂಗಿ. ಮೂವತ್ತನಾಲ್ಕು ವರ್ಷ ತಪ್ಪು ಎಂದು ತೋರಿಸಿದ್ದನ್ನು ವಾದ ಮಾಡದೆ ಸರಿಮಾಡಿದ ಮನುಷ್ಯ ಇದನ್ನೂ ಹಾಗೇ ಸರಿಮಾಡಿದರು. ಕೊನೆಯ ಟಿಕ್‌ನ ತಾರೀಕು ಬುಧವಾರದ್ದು. ಅಂದು ಮಧ್ಯಾಹ್ನ ಕಟ್ಟನ್ನು ದೊಡ್ಡವರ ಕೈಗೆ ಕೊಟ್ಟು, ಇನ್ನು ತಿದ್ದುವುದು ಏನೂ ಉಳಿದಿಲ್ಲ ಎಂದು ಹೇಳಿ ಹೋದರಂತೆ. ಪೊಲೀಸಿನವರಿಗೆ ಹೇಳಲು ಒಂದು ದಿನವಾದರೂ ಸಿಕ್ಕಿತು.

ಒಂದು ಆಸೆಯ ಸುದ್ದಿಯೂ ಇದೆ. ನಿನ್ನೆ ಟೈಲರಮ್ಮ ಓಡಿಬಂದಳು, ಕತ್ತಿನಲ್ಲಿ ಅಳತೆಯ ಟೇಪು ಹಾಗೇ ಇತ್ತು. “ಅಕ್ಕಾ, ನಿಮ್ಮೋರು ಬಂದ್ರಲ್ವಾ? ಮೂರು ದಿನದಿಂದ ಬೆಳಿಗ್ಗೆ ಚಪ್ಪಲಿ ಎಳ್ಕೊಂಡು ಬಾಲ್ಕನಿಗೆ ಹೋಗೋ ಸದ್ದು ಕೇಳ್ತಿದೆ. ಅದೇ ಸದ್ದು, ನಂಗೆ ಗೊತ್ತಿಲ್ವಾ?” ಎಂದಳು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ನಿನ್ನ ಮೇಲೆ ಅವರಿಗೆ ಮೊದಲಿನಿಂದಲೂ ಅಕ್ಕರೆ. ಅಲ್ಲಿಗೆ ಬಂದರೂ ಬರಬಹುದು. ಬಂದರೆ ಏನೂ ಕೇಳಬೇಡ, ಬೈಯಬೇಡ, ಅಕ್ಕನಿಗೆ ಫೋನ್ ಮಾಡುತ್ತೇನೆ ಎಂದು ಹೆದರಿಸಬೇಡ. ಪೇಪರ್ ಕೊಟ್ಟು ಎದುರಿಗೆ ಕೂತುಕೋ. ಅವರು ಏನಾದರೂ ಓದಿ ಹೇಳಿದರೆ, ಆಮೇಲೆ ಏನಾಯಿತು ಭಾವ ಎಂದು ಕೇಳು. ಕಾಫಿ ಕೊಡುವಾಗ ಲೋಟದಲ್ಲಿ ಚಮಚ ಹಾಕಿ ಕೊಡು.

ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ. ನಿನ್ನ ಗಂಡನ ಗೊರಕೆಗೆ ಏನೂ ಅನ್ನಬೇಡ.

ನಿನ್ನ ಅಕ್ಕ

ಮರೆತದ್ದಲ್ಲ, ಬರೆಯದೆ ಬಿಟ್ಟದ್ದು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಮೇಲೆ ನಿನ್ನನ್ನು ಎರಡು ಕಡೆ ಸುಳ್ಳು ಹೇಳಿ ನಂಬಿಸಿದ್ದೇನೆ. ಟೈಲರಮ್ಮ ಕೇಳಿದ ಚಪ್ಪಲಿಯ ಸದ್ದು ನನ್ನದು. ಬೆಳಿಗ್ಗೆ ಅವನ್ನು ಹಾಕಿಕೊಂಡು ಬಾಲ್ಕನಿಯ ತನಕ ಹೋಗಿ ಬರುತ್ತೇನೆ. ನನ್ನ ಕಾಲಿಗೆ ದೊಡ್ಡವು, ಎಳೆಯದೆ ನಡೆಯಲು ಆಗುವುದಿಲ್ಲ.

ಇನ್ನೊಂದು, ದೊಡ್ಡವರು ಹೇಳಿದ್ದು ನನಗೆ ಹೊಸದಲ್ಲ. ಅಂಟಿನ ಬಾಟಲಿ ಕೇಳಲು ಹೋದ ದಿನ, ಅವರು ಪೇಪರ್ ಎಳೆಯುವ ಮೊದಲೇ ನಾನು ಆ ಟಿಕ್ ನೋಡಿದ್ದೆ. ಇಪ್ಪತ್ತೆಂಟು ವರ್ಷದಿಂದ ನೋಡಿದ ಟಿಕ್ ತಂಗಿ, ಗುರುತು ಸಿಗದೆ ಇರುತ್ತದೆಯೇ? ಮನೆಗೆ ಹೋಗಿ ಕೇಳಬಹುದಿತ್ತು, ಇಬ್ಬರೂ ನಕ್ಕುಬಿಡಬಹುದಿತ್ತು. ಕೇಳಲಿಲ್ಲ. ಒಂದು ಮಾತು ಆಡದೆ, ಜಗಳವಿಲ್ಲದೆ, ಬರೆದದ್ದೆಲ್ಲ ಸರಿಹೋಗುತ್ತಿತ್ತು. ಆಮೇಲಿನ ಐವತ್ತು ಚೀಟಿಗಳನ್ನೂ ಅವರು ಓದುತ್ತಾರೆಂದು ಗೊತ್ತಿದ್ದೇ ಬರೆದೆ. ನಿನಗೆ ಬರೆದ ಕಾಗದಗಳಲ್ಲಿ ಅದನ್ನು ಮಾಯೆ ಮಾಟದ ಹಾಗೆ ಮಾಡಿದ್ದೂ ಅದಕ್ಕೇ. ಯಾವುದೋ ಶಕ್ತಿ ಮಾಡಿತು ಎಂದರೆ ನಾನು ಮಾಡಿದ್ದಲ್ಲ ಎಂದಾಗುತ್ತದಲ್ಲ.

ಪೆಸ್ಟ್ ಚೀಟಿಗೆ ನಾನು ಬರೆದದ್ದು ಇದು: ‘ಸದ್ದು ಮಾಡಿದರೂ ಪೀಡೆ, ಸುಮ್ಮನಿದ್ದರೂ ಪೀಡೆ, ಆತ ಮನೆಯಲ್ಲಿರುವುದೇ ಪೀಡೆ.’ ಅದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಆಡದ ಮಾತು. ಕಿವಿಯಾರೆ ಕೇಳದ ವಾಕ್ಯವೆಂದು ಹೊಡೆದುಹಾಕುವುದು ಅವರ ಕೆಲಸವಾಗಿತ್ತು. ಹೊಡೆದುಹಾಕಲಿ ಎಂದೇ ನಾನು ಕಾಯುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಅವರು ಒಂದು ಅಕ್ಷರವನ್ನೂ ಮುಟ್ಟಿಲ್ಲ. ಪಕ್ಕದಲ್ಲಿ ಟಿಕ್ ಹಾಕಿ, ಕೆಳಗೆ ತಾರೀಕು ಬರೆದಿದ್ದಾರೆ.